ಸೂರ್ಯನ ದಿನಾಂಕಕ್ಕೂ ಒಂದಿಷ್ಟು ಜಾಗ ಕೊಡಿ

ಬಾತಿ
ಶಕ 1947, ಸೌರ ಕಾರ್ತಿಕ 10, ಶನಿವಾರ
(1 ನವೆಂಬರ್ 2025)

ಕರ್ನಾಟಕದ ಪಂಚಾಂಗಕರ್ತರಿಗೆ ಮತ್ತು ಗೋಡೆ ಕ್ಯಾಲೆಂಡರ್ ಮುದ್ರಿಸುವ ಎಲ್ಲರಿಗೂ ಶರಣು.

ಬರುವ ವರ್ಷದ ಕ್ಯಾಲೆಂಡರುಗಳು ಈಗ ನಿಮ್ಮ ಪ್ರೆಸ್ಸುಗಳಲ್ಲಿವೆ. ಪರಾಭವ ಸಂವತ್ಸರದ ಪಂಚಾಂಗದ ಗಣಿತವೂ ಮುಗಿಯುತ್ತಾ ಬಂದಿರಬೇಕು. ಅಚ್ಚು ಏರುವ ಮೊದಲೇ ನಿಮಗೊಂದು ಮಾತು ಮುಟ್ಟಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಸರ್ಕಾರಕ್ಕೆ ಬರೆಯದೆ ನಿಮಗೇಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ಮನೆಗಳಲ್ಲಿ ಕಾಲ ಹೇಳುವವರು ನೀವು. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಎಮ್ಮೆ ಕಟ್ಟಿಸಿದ ದಿನ, ಆಳಿನ ಕೂಲಿ, ಸಂಘದ ಸಾಲದ ಕಂತು ಎಲ್ಲವೂ ನೀವು ಕೊಟ್ಟ ಚೌಕಗಳಲ್ಲೇ ಪೆನ್ನಿನಿಂದ ಬರೆದಿರುತ್ತವೆ. ಸಂಬಂಧ ಕುದುರಿದರೆ ಮೊದಲು ತೆಗೆಯುವುದು ನಿಮ್ಮ ಪಂಚಾಂಗವನ್ನು. ದೆಹಲಿಯ ಗೆಜೆಟ್ ಯಾರ ಮನೆಯ ಗೋಡೆಯ ಮೇಲೂ ಇಲ್ಲ. ಆದ್ದರಿಂದ ಕಾಲಗಣನೆಯಲ್ಲಿ ಸುಧಾರಣೆ ಎಂಬುದು ನಿಮ್ಮ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಹಳ್ಳಿಗೆ ತಲುಪಲಾರದು.

ನಮ್ಮ ಬಾತಿ ದಾವಣಗೆರೆಗೂ ಹರಿಹರಕ್ಕೂ ನಡುವೆ, ಹಳೆಯ ಪಿ.ಬಿ. ರಸ್ತೆಯ ಮೇಲಿದೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಗುಡ್ಡ. ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್ ದಾರಿ. ಆ ದಾರಿಯುದ್ದಕ್ಕೂ ಎಷ್ಟು ಬಗೆಯ ಕಾಲಗಣನೆ ನಡೆಯುತ್ತದೆ ನೋಡಿ. ಹರಿಹರೇಶ್ವರನ ತೇರು ಚಂದ್ರನ ತಿಥಿ ನೋಡಿ ಹೊರಡುತ್ತದೆ. ಅದೇ ಊರಿನ ಆರೋಗ್ಯಮಾತೆಯ ಹಬ್ಬ ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೇ ಬರುತ್ತದೆ. ಹಳೇಬಾತಿ ದರ್ಗಾದ ಉರುಸ್ ನಡೆಯುವುದು ಹಿಜರಿ ಲೆಕ್ಕದಲ್ಲಿ. ಆ ವರ್ಷಕ್ಕೆ 354 ಅಥವಾ 355 ದಿನ, ಹಾಗಾಗಿ ಉರುಸ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲಾ ಋತುಗಳನ್ನೂ ಸುತ್ತಿ ಬರುತ್ತದೆ. ಇವಿಷ್ಟೂ ಒಂದೇ ರಸ್ತೆಯ ಮೇಲೆ, ಯಾವ ಜಗಳವೂ ಇಲ್ಲದೆ ನಡೆದುಕೊಂಡು ಬಂದಿವೆ.

ಇವುಗಳ ಜೊತೆಗೆ ನಮ್ಮ ರೈತರ ಕಾಲಗಣನೆ ಒಂದಿದೆ: ಮಳೆ ನಕ್ಷತ್ರ. ಪೇಟೆಯ ಓದಿದವರು ಇದನ್ನು ಗಾದೆಮಾತುಗಳ ಗಂಟು ಎಂದುಕೊಂಡಿದ್ದಾರೆ. ಆದರೆ ಇದು ಅಚ್ಚುಕಟ್ಟಾದ ಸೌರ ಕ್ಯಾಲೆಂಡರ್. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯೇ ಒಂದು ಮಳೆ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಆಸುಪಾಸಿಗೆ ಆರಿದ್ರಾ, ಅಕ್ಟೋಬರ್ 24ರ ವೇಳೆಗೆ ಸ್ವಾತಿ. ಯಾವ ವರ್ಷ ನೋಡಿದರೂ ಒಂದು ದಿನ ಆಚೀಚೆ, ಅಷ್ಟೇ. ತಿಂಗಳ ಹೆಸರು ಕೇಳಿದರೆ ತಡವರಿಸುವ ಹಿರಿಯರು ಕೂಡ ಇವತ್ತು ಯಾವ ಮಳೆ, ಅದಕ್ಕೆ ಇನ್ನು ಎಷ್ಟು ದಿನ ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ.

ಬೇಸಾಯಕ್ಕೆ ಚಾಂದ್ರಮಾನದ ತಿಂಗಳು ಸಾಲುವುದಿಲ್ಲ ಎಂಬುದು ಅವರಿಗೆ ಯಾವತ್ತೋ ಗೊತ್ತು. ಮುಂದಿನ ವರ್ಷವನ್ನೇ ತೆಗೆದುಕೊಳ್ಳಿ. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ. ಈ ವರ್ಷ ಜೂನ್ ಎರಡನೇ ವಾರ ಆಚರಿಸಿದ ಕಾರಹುಣ್ಣಿಮೆ ಮುಂದಿನ ವರ್ಷ ಜೂನ್ 29ಕ್ಕೆ ಹೋಗುತ್ತದೆ. ಎತ್ತಿಗೆ ಬಣ್ಣ ಹಚ್ಚುವ ಹಬ್ಬ ಎರಡು ವಾರಕ್ಕೂ ಹೆಚ್ಚು ಮುಂದೆ ಹೋಯಿತೆಂದು ಮೆಕ್ಕೆಜೋಳದ ಬಿತ್ತನೆ ಹಾಗೆ ಮುಂದೆ ಹೋಗುತ್ತದೆಯೇ? ಹೋಗುವುದಿಲ್ಲ. ಹಬ್ಬವನ್ನು ಚಂದ್ರನಿಗೆ ಬಿಟ್ಟುಕೊಟ್ಟು ಬಿತ್ತನೆಯನ್ನು ಸೂರ್ಯನಿಗೆ ಕಟ್ಟಿದವರು ನಮ್ಮ ಹಿರಿಯರು. ಇದು ಬಹಳ ದೊಡ್ಡ ತಿಳಿವಳಿಕೆ.

ಇದೇ ತಿಳಿವಳಿಕೆಯನ್ನು ದೇಶಕ್ಕೆಲ್ಲ ಒಪ್ಪುವ ಒಂದು ಕ್ಯಾಲೆಂಡರಾಗಿ ಮಾಡುವ ಕೆಲಸ ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಡೆಯಿತು. 1952ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ರಚಿಸಿತು. ಎನ್.ಸಿ. ಲಾಹಿರಿ ಅದರ ಕಾರ್ಯದರ್ಶಿ. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಬಗೆಯ ಪಂಚಾಂಗಗಳನ್ನು ಸಮಿತಿ ತರಿಸಿ ನೋಡಿತು. 1955ರಲ್ಲಿ ವರದಿ ಬಂತು. 1956ರ ಫೆಬ್ರವರಿಯಲ್ಲಿ ಸಾಹಾ ತೀರಿಕೊಂಡರು; ತಮ್ಮ ಕ್ಯಾಲೆಂಡರ್ ಜಾರಿಗೆ ಬಂದುದನ್ನು ಅವರು ನೋಡಲಿಲ್ಲ. 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ರಂದು, ರಾಷ್ಟ್ರೀಯ ಕ್ಯಾಲೆಂಡರ್ ಆರಂಭವಾಯಿತು.

ಅದರ ರಚನೆಯನ್ನು ನೀವೆಲ್ಲ ಬಲ್ಲಿರಿ. ಈ ಪತ್ರ ಓದುವ ಇತರರಿಗಾಗಿ ಹೇಳುತ್ತೇನೆ. ಹಗಲು ರಾತ್ರಿ ಸಮನಾಗುವ ಹೊತ್ತಿನ ಮರುದಿನ, ಮಾರ್ಚ್ 22ಕ್ಕೆ, ವರ್ಷ ಶುರು. ಅಧಿಕ ವರ್ಷದಲ್ಲಿ ಮಾತ್ರ ಮಾರ್ಚ್ 21. ಚೈತ್ರಕ್ಕೆ 30 ದಿನ, ಅಧಿಕ ವರ್ಷದಲ್ಲಿ 31. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ ತಲಾ 31, ಆಶ್ವಯುಜದಿಂದ ಫಾಲ್ಗುಣದವರೆಗೆ ಆರು ತಿಂಗಳಿಗೆ ತಲಾ 30. ಈ 31-30 ಬಾಯಿಗೆ ಬಂದ ಲೆಕ್ಕವಲ್ಲ. ಜುಲೈ ಆರಂಭದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುತ್ತದೆ, ಆಗ ಅದರ ಓಟ ನಿಧಾನ. ಹಾಗಾಗಿ ಮಾರ್ಚ್‌ನಿಂದ ಸೆಪ್ಟೆಂಬರಿನವರೆಗಿನ ಅರ್ಧಕ್ಕೆ ಸುಮಾರು 186 ದಿನ ಹಿಡಿದರೆ ಉಳಿದ ಅರ್ಧಕ್ಕೆ ಸುಮಾರು 179 ಸಾಕು. ಫೆಬ್ರವರಿಗೆ 28, ಜುಲೈ ಆಗಸ್ಟ್ ಎರಡಕ್ಕೂ 31 ಏಕೆ ಎಂದು ಮಗು ಕೇಳಿದರೆ ರೋಮನ್ನರ ಕಥೆ ಹೇಳಬೇಕು. ಇಲ್ಲಿ ಆಕಾಶವನ್ನು ತೋರಿಸಿದರೆ ಸಾಕು.

ಇನ್ನೂ ಒಂದು ವಿಷಯ ಗಮನಿಸಿ. ಈ ಕ್ಯಾಲೆಂಡರಿನ ಆಷಾಢ 1 ಬೀಳುವುದು ಜೂನ್ 22ಕ್ಕೆ, ಅಂದರೆ ಆರಿದ್ರಾ ಮಳೆ ಹುಟ್ಟುವ ಹೊತ್ತಿಗೆ. ಕಾರ್ತಿಕ 1 ಅಕ್ಟೋಬರ್ 23, ಸ್ವಾತಿಯ ಹೊಸಿಲು. ಪುಷ್ಯ 1 ಡಿಸೆಂಬರ್ 22, ಸೂರ್ಯ ಉತ್ತರಕ್ಕೆ ತಿರುಗುವ ಕಾಲ. ರೈತನ ಲೆಕ್ಕವೂ ರಾಷ್ಟ್ರೀಯ ಕ್ಯಾಲೆಂಡರೂ ಒಂದೇ ಬೇರಿನವು. ಆದರೂ ಇವೆರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಗೋಡೆ ಕ್ಯಾಲೆಂಡರನ್ನು ನಾನು ನೋಡಿಲ್ಲ.

ಶಕವರ್ಷ ನಮಗೆ ಹೊರಗಿನದೂ ಅಲ್ಲ. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಕೆತ್ತಿಸಿದ ಶಾಸನದಲ್ಲಿ ಶಕ 465 ಎಂದಿದೆ; ಅದು ಕ್ರಿ.ಶ. 543. ನಮ್ಮ ಪಕ್ಕದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ, ಶಕ 1146ರಲ್ಲಿ. ಇಷ್ಟೊಂದು ಬೇರು ಬಿಟ್ಟ ಲೆಕ್ಕದ ಸೌರ ದಿನಾಂಕ ಇಂದು ಭಾರತದ ಗೆಜೆಟ್ಟಿನ ತಲೆಬರಹದಲ್ಲಿ, ಆಕಾಶವಾಣಿಯಲ್ಲಿ, ಸರ್ಕಾರಿ ಕ್ಯಾಲೆಂಡರುಗಳಲ್ಲಿ ಮಾತ್ರ ಉಸಿರು ಹಿಡಿದುಕೊಂಡಿದೆ. ಶಕ ದಿನಾಂಕ ಬರೆದ ಚೆಕ್ಕನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಬರೆಯುವವರು ಯಾರು? ಇವತ್ತು ಶಕ ದಿನಾಂಕ ಎಷ್ಟು ಎಂದು ಶಾಲೆಯ ಮಕ್ಕಳನ್ನು ಕೇಳಿ ನೋಡಿ, ಮೇಷ್ಟ್ರುಗಳನ್ನೂ ಕೇಳಿ ನೋಡಿ.

ಸಮಿತಿಯ ಕಡೆಯಿಂದಲೂ ಒಂದು ತಪ್ಪಾಯಿತು ಎಂಬುದು ನನ್ನ ಅಭಿಪ್ರಾಯ. ಚಾಂದ್ರಮಾನದ ತಿಂಗಳ ಹೆಸರುಗಳನ್ನೇ ಸೌರ ತಿಂಗಳುಗಳಿಗೂ ಇಟ್ಟರು. ಯುಗಾದಿಯ ಚೈತ್ರ ಒಂದು, ಸರ್ಕಾರದ ಚೈತ್ರ ಇನ್ನೊಂದು ಎಂದಾಯಿತು. 2023ರಲ್ಲಿ ಯುಗಾದಿಯೂ ಸೌರ ಚೈತ್ರ 1ರೂ ಒಂದೇ ದಿನ, ಮಾರ್ಚ್ 22ಕ್ಕೆ ಬಂದವು. ಮರುವರ್ಷ ಯುಗಾದಿ ಏಪ್ರಿಲ್ 9ಕ್ಕೆ ಹೋಯಿತು, ಅದರಾಚೆ ವರ್ಷ ಮಾರ್ಚ್ 30ಕ್ಕೆ ಬಂತು. ಮನೆಯವರಿಗೆ ಯಾವ ಚೈತ್ರ ನಂಬಬೇಕೆಂಬ ಗೊಂದಲ ಸಹಜ. ಇದಕ್ಕೆ ಮದ್ದು ಕಷ್ಟದ್ದಲ್ಲ. ಈ ಪತ್ರದ ತಲೆಯಲ್ಲಿ ನಾನು ಬರೆದ ಹಾಗೆ ತಿಂಗಳ ಹೆಸರಿನ ಮೊದಲು ‘ಸೌರ’ ಎಂದು ಸೇರಿಸಿದರೆ ಗೊಂದಲ ತೀರಿತು.

ಕಾಲಗಣನೆಯ ಸುಧಾರಣೆ ಎಂದಾಗ ಹೊರದೇಶಗಳ ದೊಡ್ಡ ದೊಡ್ಡ ಯೋಜನೆಗಳನ್ನೇ ಎತ್ತಿ ಆಡುವವರಿದ್ದಾರೆ. ಅವುಗಳಲ್ಲಿ ಬುದ್ಧಿವಂತಿಕೆ ಇದೆ, ಅಲ್ಲಗಳೆಯುವುದಿಲ್ಲ. ಮೋಸೆಸ್ ಕಾಟ್ಸ್‌ವರ್ತ್ ಎಂಬವರು 28 ದಿನಗಳ 13 ತಿಂಗಳ ಕ್ಯಾಲೆಂಡರ್ ಮಾಡಿದರು. ಕೊಡ್ಯಾಕ್ ಕಂಪನಿ ಅದನ್ನು 1928ರಿಂದ 1989ರವರೆಗೆ ತನ್ನ ಲೆಕ್ಕಪತ್ರಕ್ಕೆ ಬಳಸಿತು. ಎಲಿಜಬೆತ್ ಅಕೆಲಿಸ್ ಅವರ ವಿಶ್ವ ಕ್ಯಾಲೆಂಡರ್ ವರ್ಷವನ್ನು 91 ದಿನಗಳ ನಾಲ್ಕು ಸಮ ಭಾಗ ಮಾಡಿ, ಪ್ರತಿ ವರ್ಷವೂ ಭಾನುವಾರವೇ ಆರಂಭವಾಗುವಂತೆ ಜೋಡಿಸಿತು. ಈ ಎರಡನೆಯದರ ಪರವಾಗಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಬಾಗಿಲು ತಟ್ಟಿದ್ದು ಭಾರತ ಸರ್ಕಾರವೇ, 1953ರಲ್ಲಿ. ಸಾಹಾ ಅವರು 1954ರಲ್ಲಿ ಜಿನೀವಾಕ್ಕೆ ಹೋಗಿ ವಾದಿಸಿದರು. ಅಮೆರಿಕ ಒಪ್ಪಲಿಲ್ಲ, ಹಲವು ಧರ್ಮಗಳವರು ಒಪ್ಪಲಿಲ್ಲ, 1956ರಲ್ಲಿ ವಿಷಯ ಮೂಲೆಗೆ ಸೇರಿತು.

ಸೇರಿದ್ದು ಒಳ್ಳೆಯದಾಯಿತು. 91ರ ನಾಲ್ಕು ಭಾಗ ಸೇರಿದರೆ 364. ಉಳಿದ ಒಂದು ದಿನಕ್ಕೆ ವಾರವೇ ಇಲ್ಲ, ಅದು ವಾರದ ಹೊರಗಿನ ದಿನ ಎಂದು ಆ ಯೋಜನೆ ಹೇಳುತ್ತದೆ. ಅಲ್ಲಿಗೆ ಏಳು ದಿನದ ಸರಪಳಿ ವರ್ಷಕ್ಕೊಮ್ಮೆ ತುಂಡಾಗುತ್ತದೆ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಶುಕ್ರವಾರ ಮಸೀದಿಯಲ್ಲಿ ನಮಾಜು, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ, ಒಂದೊಂದು ಊರಿಗೆ ಒಂದೊಂದು ವಾರದ ಸಂತೆ. ಗ್ರೆಗರಿ ಪೋಪರು 1582ರ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಕರೆದಾಗ ಕೂಡ ಗುರುವಾರದ ಮರುದಿನ ಶುಕ್ರವಾರವೇ ಬಂತು. ರಷ್ಯಾದಲ್ಲಿ 1929ರಿಂದ ಐದು ದಿನದ ವಾರ, ಆಮೇಲೆ ಆರು ದಿನದ ಪಾಳಿ ತಂದು ನೋಡಿ 1940ರಲ್ಲಿ ಏಳಕ್ಕೇ ಮರಳಿದರು. ವಾರವನ್ನು ಮುರಿಯುವ ಸುಧಾರಣೆ ಜನರ ನಡುವೆ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ರಾಷ್ಟ್ರೀಯ ಕ್ಯಾಲೆಂಡರ್ ವಾರದ ತಂಟೆಗೇ ಹೋಗಿಲ್ಲ. ಅದು ಯಾವ ದೇವರಿಗೂ ಸೇರಿಲ್ಲ, ಯಾರ ಹಬ್ಬವನ್ನೂ ಕದಲಿಸಿಲ್ಲ.

ಇನ್ನು ನಿಮ್ಮ ಗಣಿತದ ಒಳಗಿನ ಮಾತಿಗೆ ಬರುತ್ತೇನೆ. ನನಗೆ ಅತಿ ಮುಖ್ಯ ಎನ್ನಿಸಿರುವುದು ಇದು.

ನಮ್ಮ ಸಂಕ್ರಾಂತಿಯೂ ಮಳೆ ನಕ್ಷತ್ರವೂ ಋತುಗಳಿಂದ ನಿಧಾನವಾಗಿ ಜಾರುತ್ತಿವೆ. ಅಯನಚಲನದ, ಅಂದರೆ ವಿಷುವ ಬಿಂದು ನಕ್ಷತ್ರಗಳ ನಡುವೆ ನಿಧಾನವಾಗಿ ಹಿಂದೆ ಸರಿಯುವುದರ ಕಾರಣ, ನಕ್ಷತ್ರ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನ ಅಂತರ ಬೀಳುತ್ತದೆ. ಹಳೆಯ ಗಣಿತಗ್ರಂಥವಾದ ಸೂರ್ಯಸಿದ್ಧಾಂತದ ವರ್ಷವಂತೂ ಇನ್ನೂ ಮೂರು ನಿಮಿಷ ಉದ್ದ, ಅಲ್ಲಿ ಅರವತ್ತು ವರ್ಷಕ್ಕೇ ಒಂದು ದಿನ. ಸ್ವಾಮಿ ವಿವೇಕಾನಂದರು 1863ರ ಜನವರಿ 12ರಂದು ಹುಟ್ಟಿದಾಗ ಅಂದು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಉತ್ತರಾಯಣ ಪುಣ್ಯಕಾಲ ಎಂದು ಎಳ್ಳು ಬೀರುವುದು ಅದಾದ ಮೂರು ವಾರದ ಮೇಲೆ.

ಹಬ್ಬ ಮೂರು ವಾರ ತಡವಾದರೆ ಎಳ್ಳುಬೆಲ್ಲದ ರುಚಿ ಕೆಡುವುದಿಲ್ಲ, ನಿಜ. ಆದರೆ ಮಳೆಯ ಲೆಕ್ಕ ಹಾಗಲ್ಲ. ಪೋಲಾಳ್ವ ಹರಿಹರದಲ್ಲಿ ಗುಡಿ ಕಟ್ಟಿಸಿದ ಕಾಲದಲ್ಲಿ ರೋಹಿಣಿ ಮಳೆ ಹುಟ್ಟುತ್ತಿದ್ದುದು ಇಂದಿನ ಋತುಲೆಕ್ಕದಲ್ಲಿ ಮೇ 14ರ ಸುಮಾರಿಗೆ. ಈಗ ಮೇ 25. ಇನ್ನು ಎಂಟುನೂರು ವರ್ಷಕ್ಕೆ ಜೂನ್ 5. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ ಕಾಲದ ಭರಣಿ ಬೇರೆ, ನಾವು ಇಂದು ಅದೇ ಹೆಸರಿನಲ್ಲಿ ಎದುರು ನೋಡುವ ಭರಣಿ ಬೇರೆ. ಗಾದೆ ಸುಳ್ಳಾಯಿತು, ಮಳೆ ಕೈಕೊಟ್ಟಿತು ಎಂದು ಜನ ನೊಂದುಕೊಳ್ಳುವಾಗ, ಲೆಕ್ಕವೂ ಸ್ವಲ್ಪ ಸರಿದಿದೆ ಎಂದು ಹೇಳುವವರಿಲ್ಲ. ಅದನ್ನು ಹೇಳಬೇಕಾದವರು ನೀವು. ಈ ಜಾರಿಕೆಯ ಅಳತೆಯಾದ ಅಯನಾಂಶವನ್ನು ಪ್ರತಿ ವರ್ಷ ಲೆಕ್ಕ ಹಾಕುವ ನಿಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರೂ ಇಲ್ಲ.

ಹಳೆಯದನ್ನು ಆಕಾಶಕ್ಕೆ ಹಿಡಿದು ಸರಿಮಾಡಿಕೊಳ್ಳುವುದು ನಿಮ್ಮ ಪರಂಪರೆಗೆ ಹೊರತಾದುದಲ್ಲ. ನರಗುಂದದಲ್ಲಿ ಹುಟ್ಟಿ ಮೇಷ್ಟ್ರಾಗಿ ಬದುಕಿದ ವೆಂಕಟೇಶ ಬಾಪೂಜಿ ಕೇತಕರರು ಹೊಸ ಗಣಿತದಿಂದ ಗ್ರಹಗಳ ಸ್ಥಾನ ತಿದ್ದಿ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಬರೆದರು. ಇಂದು ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ದೃಗ್ಗಣಿತವನ್ನು ಅನುಸರಿಸುವವರ ದಾರಿಯನ್ನು ತೆರೆದವರಲ್ಲಿ ಅವರೂ ಒಬ್ಬರು. ಹಳೆಯ ಸಿದ್ಧಾಂತವನ್ನೇ ಹಿಡಿದವರ ತಿಥಿಗೂ ದೃಗ್ಗಣಿತದ ತಿಥಿಗೂ ಕೆಲವೊಮ್ಮೆ ಹಲವು ಗಂಟೆ ಅಂತರ ಬರುತ್ತದೆ. ಆಗ ಏಕಾದಶಿ ಒಂದು ಮಠದಲ್ಲಿ ಇವತ್ತು, ಇನ್ನೊಂದರಲ್ಲಿ ನಾಳೆ. ಗಣಿತ ಒಂದೇ ಆದರೂ ಆಚರಣೆಯ ನಿಯಮದಿಂದ ಭೇದ ಬರುವುದುಂಟು. 2024ರ ದೀಪಾವಳಿಯ ಅಮಾವಾಸ್ಯೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂದು ದೇಶವೆಲ್ಲ ಚರ್ಚೆ ನಡೆದದ್ದು ನಿಮಗೆ ನೆನಪಿದೆ. ಆ ದಿನಗಳಲ್ಲಿ ಅಂಗಡಿಪೂಜೆ ಇಟ್ಟುಕೊಂಡವರು ಎರಡು ಕ್ಯಾಲೆಂಡರ್ ಹಿಡಿದು ಪುರೋಹಿತರ ಮನೆಗೆ ಅಲೆಯುವಂತಾದರೆ ಅದು ಸರಿಯಲ್ಲ. ಆಚರಣೆಯ ಭೇದ ಇರಲಿ. ಅದು ಏಕೆ ಬಂತು ಎಂಬ ಎರಡು ಸಾಲು ಆ ತಿಂಗಳ ಹಾಳೆಯ ಕೆಳಗೆ ಇರಬೇಕು.

ಆದ್ದರಿಂದ ನಾನು ಕೇಳುವುದು ಹೀಗಿದೆ. ಪ್ರತಿ ಚೌಕದಲ್ಲಿ ಇಂಗ್ಲಿಷ್ ತಾರೀಖು ದೊಡ್ಡದಾಗಿಯೇ ಇರಲಿ. ಸಂಬಳ, ರೈಲು, ಪರೀಕ್ಷೆ, ಕೋರ್ಟು ಎಲ್ಲ ಅದರಲ್ಲೇ ನಡೆಯುತ್ತವೆ, ಅದನ್ನು ತೆಗೆಯಿರಿ ಎನ್ನುವವನು ನಾನಲ್ಲ. ತಿಥಿ ನಕ್ಷತ್ರಗಳೂ ಇದ್ದಲ್ಲೇ ಇರಲಿ. ಕೆಳಗೊಂದು ಮೂಲೆಯಲ್ಲಿ ಸೌರ ದಿನಾಂಕವನ್ನು ಕನ್ನಡ ಅಂಕಿಯಲ್ಲಿ, ಕನ್ನಡಕವಿಲ್ಲದೆ ಕಾಣುವಷ್ಟು ದಪ್ಪದಲ್ಲಿ ಹಾಕಿ. ಮಳೆ ಹುಟ್ಟುವ ದಿನದ ಚೌಕಕ್ಕೆ ಬೇರೆ ಬಣ್ಣ ಕೊಡಿ. ಡಿಸೆಂಬರ್ 22ರ ಚೌಕದಲ್ಲಿ ‘ಸೂರ್ಯ ಉತ್ತರಕ್ಕೆ ತಿರುಗುವ ಕಾಲ’ ಎಂದು ಬರೆಯಿರಿ, ಸಂಕ್ರಾಂತಿಯನ್ನು ಜನವರಿಯಲ್ಲೇ ಹಬ್ಬವಾಗಿ ಬಿಡಿ. ಪಂಚಾಂಗದ ಮೊದಲ ಪುಟದಲ್ಲಿ ಯಾವ ಗಣಿತ, ಯಾವ ಅಯನಾಂಶ, ಯಾವ ಊರಿನ ಸೂರ್ಯೋದಯ ಹಿಡಿದಿದ್ದೀರಿ ಎಂಬುದನ್ನು ಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ತಿಳಿಸಿ.

ಮಳೆ ನಕ್ಷತ್ರಗಳ ಪುಟಕ್ಕೆ ಇನ್ನೊಂದು ಸೇರಿಸಿ. ಕೆಲವು ಪಂಚಾಂಗಗಳಲ್ಲಿ ಒಂದೊಂದು ಮಳೆಗೆ ಒಂದೊಂದು ವಾಹನ ಕೊಟ್ಟು ಫಲ ಹೇಳುತ್ತೀರಿ. ಅದನ್ನು ನಂಬಿ ಬೀಜ ಗೊಬ್ಬರಕ್ಕೆ ಸಾಲ ತರುವವರಿದ್ದಾರೆ. ಅದರ ಪಕ್ಕದಲ್ಲೇ, ಆ ಹದಿನಾಲ್ಕು ದಿನಗಳಲ್ಲಿ ಆಯಾ ಜಿಲ್ಲೆಗೆ ವಾಡಿಕೆಯಾಗಿ ಬೀಳುವ ಮಳೆ ಎಷ್ಟು ಮಿಲಿಮೀಟರ್ ಎಂಬ ಅಂಕಿ ಕೊಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಕೇಳಿದರೆ ಮಾಹಿತಿ ಸಿಗುತ್ತದೆ. ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿರುವ ನಮಗೆ ನಾಲೆಯ ನೀರು ಯಾವಾಗ ಬಂದೀತು ಎಂಬುದು ಸಭೆಗಳಲ್ಲಿ ತೀರ್ಮಾನವಾಗುತ್ತದೆ. ಮಳೆಯ ವಾಡಿಕೆಯಾದರೂ ಮನೆಯ ಗೋಡೆಯ ಮೇಲೆ ಸಿಕ್ಕರೆ ಸಸಿ ಮಡಿ ಹಾಕುವ ದಿನವನ್ನು ಅಳೆದು ನೋಡಬಹುದು.

ಇದಕ್ಕೆಲ್ಲ ಹೊಸ ಖರ್ಚಿಲ್ಲ. ಕೋಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಪ್ರಕಟಿಸುವ ರಾಷ್ಟ್ರೀಯ ಪಂಚಾಂಗ ಕನ್ನಡದಲ್ಲೂ ಬರುತ್ತದೆ, ಅಂಕಿಅಂಶ ಅದರಲ್ಲಿದೆ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ, ಗದಗಿನ ಶಾಬಾದಿಮಠದ ಪಂಚಾಂಗದಂಥವುಗಳಿಗೆ ತಲೆಮಾರುಗಳ ಓದುಗರ ನಂಬಿಕೆ ಇದೆ. ನಿಮ್ಮಲ್ಲಿ ಇಬ್ಬರು ಮೂವರು ಮೊದಲು ಮಾಡಿದರೆ ಉಳಿದವರು ಹಿಂದೆ ಬರುತ್ತಾರೆ.

ಪರಾಭವ ಸಂವತ್ಸರದ ಯುಗಾದಿ 2026ರ ಮಾರ್ಚ್ 19ಕ್ಕೆ ಬರುತ್ತದೆ. ಮೂರು ದಿನ ಬಿಟ್ಟು ಮಾರ್ಚ್ 22, ಭಾನುವಾರ, ಶಕ 1948ರ ಸೌರ ಚೈತ್ರ 1. ಎರಡು ಹೊಸ ವರ್ಷಗಳು ಇಷ್ಟು ಹತ್ತಿರ ಬಂದಿರುವ ಈ ಸಲವೇ ಶುರುಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಜನವರಿಯ ಹಾಳೆಗಳು ಈಗಾಗಲೇ ಅಚ್ಚಾಗಿದ್ದರೆ ಮಾರ್ಚ್ ಹಾಳೆಯಿಂದಲಾದರೂ ಆಗಲಿ.

ಇಂತಿ ನಿಮ್ಮ ವಿಶ್ವಾಸಿ,
ಬಾತಿಯ ಒಬ್ಬ ಓದುಗ